ಮುಚ್ಚಿದ ಬಟ್ಟೆ ಅಂಗಡಿಯಲ್ಲಿ ವಿನ್ಯಾಸ ಕಚೇರಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಮುಂಬೈಯ ಮುಲುಂಡ್‌ನಲ್ಲಿ 1980ರ ದಶಕದ ಎರಡಂತಸ್ತಿನ ಬಟ್ಟೆ ಅಂಗಡಿಯೊಂದು ಬಹುಕಾಲದಿಂದ ಖಾಲಿ ಬಿದ್ದಿದೆ. ಅಲ್ಲಿ ನಾವು ಮೂವರು ಗೆಳತಿಯರು ವಿನ್ಯಾಸ ಕಚೇರಿ ತೆರೆಯಬೇಕೆಂದಿದ್ದೇವೆ. ಸಂಜೆ ಮುಂಭಾಗವನ್ನು ಮಕ್ಕಳ ಕನ್ನಡ ತರಗತಿಗೆ, ಚಿತ್ರಕಲೆಗೆ ಬಿಟ್ಟುಕೊಡುವ ಆಸೆ. ಎದುರು ಪಶ್ಚಿಮಕ್ಕೆ ಪೂರ್ತಿ ಗಾಜು. ಒಳಗೆ 50 ಅಡಿ ಆಳ, ಬರೀ ಕತ್ತಲು. ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡೋಣ ಎನ್ನುತ್ತಾರೆ ಗುತ್ತಿಗೆದಾರರು.

ಉತ್ತರ: ದಯವಿಟ್ಟು ಕೀಳಿಸಬೇಡಿ ಮೇಡಂ. ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟ್ ತಯಾರಿಕೆಯದ್ದೇ. ನಿಂತಿರುವ ಕಂಬ, ತೊಲೆ, ಸ್ಲ್ಯಾಬ್ ಉಳಿಸಿಕೊಂಡರೆ ಪರಿಸರದ ಅರ್ಧ ಕೆಲಸ ಅಲ್ಲೇ ಆಯಿತು.

ಆದರೆ ಅವು ಗಟ್ಟಿಯಾಗಿವೆಯೇ ಎಂದು ನೋಡುವ ಮುನ್ನ ಕರಾರಿಗೆ ಸಹಿ ಹಾಕಬೇಡಿ. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಗಟ್ಟಿತನದ ತಪಾಸಣೆ, ಕಡ್ಡಾಯ. ಮಾಲೀಕರಿಂದ ಆ ವರದಿ ಕೇಳಿ ಪಡೆಯಿರಿ. ಫಾಲ್ಸ್ ಸೀಲಿಂಗ್ ಬಿಚ್ಚಿಸಿ ತೊಲೆಯ ತಳವನ್ನು ನೀವೇ ನೋಡಿ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿನ ಉದ್ದಕ್ಕೂ ಬಿರುಕು ಓಡಿದ್ದರೆ ಒಳಗೆ ತುಕ್ಕು ಹಿಡಿದಿದೆ ಎಂದೇ ತಿಳಿಯಿರಿ. ಎಂಜಿನಿಯರ್ ಕಾಂಕ್ರೀಟಿನ ಚೂರು ಒಡೆದು ಫಿನಾಲ್ಫ್ಥಲೀನ್ ಎಂಬ ಪರೀಕ್ಷಾ ದ್ರಾವಣ ಸಿಂಪಡಿಸುತ್ತಾರೆ. ಆರೋಗ್ಯವಾಗಿರುವ ಕಡೆ ಗಾಢ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಬಾರದ ಭಾಗ ಸರಳಿನವರೆಗೂ ತಲುಪಿದ್ದರೆ ಮೊದಲ ಖರ್ಚು ದುರಸ್ತಿಗೆ, ಪೀಠೋಪಕರಣಕ್ಕಲ್ಲ.

ಭಾರದ ಬಗ್ಗೆ ಹೆಚ್ಚು ಆತಂಕ ಬೇಡ. ಕಟ್ಟಡಗಳ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875ರಲ್ಲಿ ಅಂಗಡಿಯ ನೆಲ ಹೊರಬೇಕೆಂದು ಹೇಳಿರುವ ಭಾರ ಚದರ ಮೀಟರಿಗೆ ಸುಮಾರು 400 ಕಿಲೋ. ಕಚೇರಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಕಲ್ಲು, ಟೈಲ್ಸ್ ಮಾದರಿಗಳ ಕಪಾಟುಗಳನ್ನು ಮಾತ್ರ ನೆಲಮಹಡಿಯಲ್ಲೇ ಇಡಿ.

ಇನ್ನು ಕತ್ತಲು. ಕಿಟಕಿ ಎಷ್ಟು ಎತ್ತರವೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಒಳ್ಳೆಯ ಬೆಳಕು ಬರುತ್ತದೆ. ಎಂಟಡಿ ಗಾಜಿನಿಂದ 20 ಅಡಿ, ಅಷ್ಟೇ. ಆದ್ದರಿಂದ ನಡುಭಾಗದಲ್ಲಿ ಉಗ್ರಾಣ, ಶೌಚಾಲಯ, ಪ್ರಿಂಟರ್ ಇರಲಿ. ಹಿಂಬದಿಯ ಗೋಡೆ ಗಲ್ಲಿಯ ಕಡೆಗಿದ್ದು ಭಾರ ಹೊರದ ಗೋಡೆಯಾಗಿದ್ದರೆ ಅಲ್ಲಿ ಅನುಮತಿ ಪಡೆದು ಕಿಟಕಿ ತೆರೆಯಿರಿ. ಬೆಳಕಿನ ಜೊತೆಗೆ ಗಾಳಿಯೂ ಆಡುತ್ತದೆ. ನಮ್ಮ ಊರಿನ ಸೆಕೆಗೆ ಅದು ದೊಡ್ಡ ವರ.

ಇನ್ನೊಬ್ಬ ಸದಸ್ಯರು: ಬಿಸಿಲು ತಡೆಯಲು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರೆ ಸಾಲದೇ ಸರ್?

ಉತ್ತರ: ಸಾಲದು. ಫಿಲ್ಮ್ ಬೆಳಕನ್ನೂ ನುಂಗುತ್ತದೆ, ಗಾಜೂ ಬಿಸಿಯಾಗುತ್ತದೆ. ಬಿಸಿಲನ್ನು ಹೊರಗೇ ತಡೆಯಬೇಕು. ಪಶ್ಚಿಮದ ಸೂರ್ಯ ಸಂಜೆ ಕೆಳಗಿಳಿದು ನೇರವಾಗಿ ಹೊಡೆಯುವುದರಿಂದ ಬರೀ ಸಜ್ಜಾ ಪ್ರಯೋಜನಕ್ಕೆ ಬಾರದು. ನೇರ ನಿಂತ ಪಟ್ಟಿಗಳು ಅಥವಾ ಸುತ್ತಿ ಮೇಲೆತ್ತಬಹುದಾದ ಬಿದಿರಿನ ಚಿಕ್ ಪರದೆ ಬೇಕು. ಇವು ನಿಮ್ಮ ಜಾಗದೊಳಗೇ ಇರಲಿ, ಫುಟ್‌ಪಾತಿಗೆ ಚಾಚದಿರಲಿ.

ಪ್ರಶ್ನೆ: ಬಾಗಿಲ ಮುಂದೆ ಒಂದೂವರೆ ಅಡಿ ಮೆಟ್ಟಿಲುಗಳಿವೆ. ಹಾಗೇ ಬಿಡಬಹುದೇ?

ಉತ್ತರ: ಅದನ್ನಂತೂ ಬಿಡಲೇಬೇಡಿ. ಊರಿನವರಿಗೆ ಬಾಗಿಲು ತೆರೆದಿದೆ ಎನ್ನುವಾಗ ಗಾಲಿಕುರ್ಚಿಯವರು, ಮಂಡಿನೋವಿನ ಅಜ್ಜಿಯರು ಹೊರಗೇ ನಿಲ್ಲುವಂತಾಗಬಾರದು. ಇಳಿಜಾರಿಗೆ 1:12ರ ಲೆಕ್ಕ. ಅಂದರೆ 18 ಅಡಿ ಉದ್ದ ಬೇಕು. ಹೊರಗೆ ಜಾಗವಿಲ್ಲದಿದ್ದರೆ ಮುಂಭಾಗದ ನೆಲವನ್ನು ಸ್ವಲ್ಪ ತಗ್ಗಿಸಿ ಇಳಿಜಾರನ್ನು ಒಳಗೇ ತನ್ನಿ. ನೆಲದಡಿ ತುಂಬು ಮಣ್ಣಿದ್ದರೆ ಇದು ಕಷ್ಟವಲ್ಲ. ಆಡಿಟ್ ಮಾಡುವ ಎಂಜಿನಿಯರ್ ಬಂದಾಗಲೇ ಅಲ್ಲೊಂದು ಗುಂಡಿ ತೋಡಿಸಿ ನೋಡಿ.