ಉ: ‘ವಾಟರ್‌ಮಾಸ್ಟರ್’ಗೆ ಕನ್ನಡ ಪದ (ತುರ್ತು) – ನೀರಗಂಟಿ ಎಂದೇ ಬರೆಯಿರಿ

ಗ್ರಾಫ್ಟನ್ ಊರಿನ ಚರಿತ್ರೆಯ ಅನುವಾದ ಈ ವಾರವೇ ಅಚ್ಚಿಗೆ ಹೋಗಬೇಕು, ಹೊಲಗಳಿಗೆ ಕಾಲುವೆ ನೀರು ಹಂಚುವ ‘ವಾಟರ್‌ಮಾಸ್ಟರ್’ ಎಂಬುವವನಿಗೆ ಒಂದು ಪದ ತಿಳಿಸಿ ಎಂದು ಕೇಳಿದ್ದೀರಿ. ನೀರಗಂಟಿ ಎಂದು ಬರೆಯಿರಿ. ಇಲ್ಲಿ ಈವರೆಗೆ ಸೂಚಿತವಾಗಿರುವ ‘ಜಲಾಧಿಕಾರಿ’, ‘ನೀರೊಡೆಯ’ ಎರಡೂ ಆ ಊರಿನಲ್ಲಿ ಬೇಸಾಯ ನಡೆದ ಬಗೆಗೆ ಹೊಂದುವುದಿಲ್ಲ.

ಅಮೆರಿಕದ ಯೂಟಾ ರಾಜ್ಯದ ದಕ್ಷಿಣ ಭಾಗದಲ್ಲಿ, ವರ್ಜಿನ್ ನದಿಯ ದಡದಲ್ಲಿ, 1859ರ ಕೊನೆಗೆ ಮಾರ್ಮನ್ ಎಂಬ ಕ್ರೈಸ್ತ ಪಂಥದ ಕೆಲವೇ ಕುಟುಂಬಗಳು ನೆಲೆಯೂರಿದ ಊರು ಅದು. ಅಲ್ಲಿ ಹತ್ತಿ ಬೆಳೆಯಬೇಕೆಂಬುದು ಚರ್ಚಿನ ಮುಖ್ಯಸ್ಥ ಬ್ರಿಗಮ್ ಯಂಗ್ ಅವರ ಯೋಜನೆಯಾಗಿತ್ತು. ಹತ್ತಿಯನ್ನೇ ಹೆಚ್ಚು ಬಿತ್ತಿ ಉಣ್ಣಲು ಕಾಳು ಸಾಲದಾದ ಮೇಲೆ ಮೆಕ್ಕೆಜೋಳಕ್ಕೆ ಹೊಲ ಬಿಡಬೇಕಾಯಿತು. 1862ರ ಜನವರಿಯ ನೆರೆ ಊರನ್ನು ಕೊಚ್ಚಿಕೊಂಡು ಹೋದಾಗ, ನೀರು ಏರುತ್ತಿದ್ದ ಹೊತ್ತಿನಲ್ಲಿಯೇ ಟೆನಿ ಮನೆತನದಲ್ಲಿ ಹುಟ್ಟಿದ ಗಂಡುಕೂಸಿಗೆ ‘ಮಾರ್ವೆಲಸ್ ಫ್ಲಡ್’ ಎಂದು ಹೆಸರಿಟ್ಟರು. (ಈ ಹೆಸರನ್ನು ದಯವಿಟ್ಟು ಕನ್ನಡಿಸಬೇಡಿ.) ಊರವರು ಹೊಳೆಯ ಮೇಲ್ದಿಕ್ಕಿಗೆ ಸುಮಾರು ಒಂದು ಮೈಲಿ ಸರಿದು ಮತ್ತೆ ಮನೆ ಕಟ್ಟಿದರು.

ಆದರೆ ಹೊಳೆ ಬದಲಾಗಲಿಲ್ಲ. ಅದರ ನೀರಿನಲ್ಲಿ ಮಣ್ಣು ಎಷ್ಟಿತ್ತೆಂದರೆ, ತೋಡಿದ ಕಾಲುವೆ ಮತ್ತೆ ಮತ್ತೆ ಹೂಳು ತುಂಬಿಕೊಳ್ಳುತ್ತಿತ್ತು, ನೀರು ತಿರುಗಿಸಲು ಹಾಕಿದ ಒಡ್ಡು ಪ್ರವಾಹ ಬಂದಾಗಲೆಲ್ಲ ಒಡೆದುಹೋಗುತ್ತಿತ್ತು. ಇಂತಹ ಮಾರ್ಮನ್ ಹಳ್ಳಿಗಳಲ್ಲಿ ಕಾಲುವೆ ತೋಡಿದವರು, ಹೂಳೆತ್ತಿದವರು ತಾವು ಹಾಕಿದ ದುಡಿಮೆಗೆ ತಕ್ಕಂತೆ ನೀರಿನ ಪಾಲು ಪಡೆಯುತ್ತಿದ್ದರು. ಯಾರ ಹೊಲಕ್ಕೆ ಎಷ್ಟು ಗಂಟೆ ನೀರು, ಯಾರ ಪಾಳಿ ನಡುರಾತ್ರಿಗೆ ಬೀಳುತ್ತದೆ, ಹೂಳೆತ್ತಲು ಯಾರು ಬರಲಿಲ್ಲ, ಯಾರು ತಮ್ಮದಲ್ಲದ ಹೊತ್ತಿನಲ್ಲಿ ಮಡೆ ತಿರುಗಿಸಿದರು ಎಂಬುದನ್ನೆಲ್ಲ ನೋಡಿಕೊಳ್ಳುತ್ತಿದ್ದವನೇ ವಾಟರ್‌ಮಾಸ್ಟರ್. ಅವನನ್ನು ಅಧಿಕಾರಿ ಎಂದರೆ ಕಚೇರಿ, ಮೊಹರು, ಸಂಬಳ ಕಣ್ಣ ಮುಂದೆ ಬರುತ್ತವೆ. ‘ನೀರೊಡೆಯ’ ಎಂಬುದಂತೂ ಸಂಪೂರ್ಣ ತಪ್ಪು. ಹೊಳೆ ಹಳ್ಳಗಳ ನೀರಿಗೆ ಖಾಸಗಿ ಒಡೆತನ ಇರಕೂಡದೆಂದು 1847ರಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಬಂದಾಗಲೇ ಸಾರಿದ ಜನ ಅವರು. ಅಂತಹವರ ನಡುವಿನ ಒಬ್ಬ ಕೆಲಸಗಾರನಿಗೆ ‘ಒಡೆಯ’ ಎಂಬ ಹೆಸರು ಕೊಡುವುದು, ಅಚ್ಚಗನ್ನಡವೆಂಬ ಒಂದೇ ಕಾರಣಕ್ಕೆ, ಒಪ್ಪತಕ್ಕದ್ದಲ್ಲ.

ನೀರಗಂಟಿ ನಮ್ಮ ಕೆರೆಗಳ ಕೆಳಗೆ ಇದೇ ಕೆಲಸ ಮಾಡುತ್ತ ಬಂದವನು: ತೂಬು ಎತ್ತುವುದು, ಗದ್ದೆಗದ್ದೆಗೂ ನೀರು ಹಂಚುವುದು, ಕಾಲುವೆ ಕಾಯುವುದು. ಅದು ವಂಶಪಾರಂಪರ್ಯದ ಆಯಗಾರಿಕೆ (ಊರ ಚಾಕರಿಗೆ ಬೆಳೆಯಲ್ಲಿ ಪಾಲು ಪಡೆಯುವ ಕಸುಬು), ಜಾತಿಯ ನೆರಳು ಅದರ ಮೇಲಿದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಂದು ಗ್ರಾಮ ಪಂಚಾಯಿತಿಗಳಲ್ಲಿ ನಲ್ಲಿ ನೀರು ಬಿಡುವವರನ್ನೂ ನೀರಗಂಟಿ ಎಂದೇ ಕರೆಯುತ್ತೇವೆ. ಪದ ಹುಟ್ಟಿನಿಂದ ಬಿಡಿಸಿಕೊಂಡು ಕೆಲಸಕ್ಕೆ ಅಂಟಿಕೊಂಡಿದೆ. ಮೊದಲ ಬಾರಿ ಬಂದಲ್ಲಿ ‘ರೈತರು ಆರಿಸಿದ ನೀರಗಂಟಿ’ ಎಂದು ಬರೆದರೆ ಸಂಶಯಕ್ಕೆ ಎಡೆಯಿರುವುದಿಲ್ಲ. ‘ಗಂಟಿ’ಯ ಮೂಲ ಯಾವುದೆಂಬ ಚರ್ಚೆ ಬೇರೆ ದಿನಕ್ಕಿರಲಿ, ಕೇಳಿದವರಿಗೆ ಅದರಿಂದ ಪ್ರಯೋಜನವಿಲ್ಲ.

ನೀರಿನ ಸರದಿಗೆ ಬಳಸುವ ‘ಪಾಳಿ’ ಎರವಲು, ಅದನ್ನು ಬಿಡಿ ಎಂದು ಇಲ್ಲಿ ಹೇಳಿದವರಿಗೆ: ನಮ್ಮ ರೈತರು ಕಾಲುವೆಯ ನೀರಿಗೆ ಕಾಯುವಾಗ ಆಡುವ ಮಾತು ಅದು. ಎರವಲೆಂದು ಅದನ್ನು ಕಿತ್ತು ಆ ಜಾಗದಲ್ಲಿ ಯಾರೂ ಆಡದ ಮಾತನ್ನು ನೆಡುವುದರಿಂದ ಕನ್ನಡಕ್ಕೆ ಏನೂ ಸೇರುವುದಿಲ್ಲ.

ಅದೇ ಅನುವಾದದಲ್ಲಿ ಬರುವ ‘ಪಯನಿಯರ್’ಗೆ (ಹೊಸ ನೆಲಕ್ಕೆ ಬಂದು ನೆಲೆಯೂರಿದವರು) ‘ಮೊದಲ ಒಕ್ಕಲು’ ಎಂಬ ಸೂಚನೆಯಲ್ಲಿ ‘ಒಕ್ಕಲು’ ಸೊಗಸಾಗಿದೆ, ‘ಮೊದಲ’ ಎಂಬುದು ಮಾತ್ರ ಸುಳ್ಳು. ವರ್ಜಿನ್ ನದಿಯ ಬದಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ದಕ್ಷಿಣದ ಪೈಯೂಟ್ ಜನ ಅದಕ್ಕೂ ಬಹಳ ಮೊದಲೇ ನೀರು ಹಾಯಿಸಿ ಮೆಕ್ಕೆಜೋಳ, ಕುಂಬಳ ಬೆಳೆಯುತ್ತಿದ್ದರು. ಅವರ ನೆಲದಲ್ಲಿ ಅವರನ್ನೇ ಅಳಿಸುವ ವಿಶೇಷಣವನ್ನು ನಾವೇಕೆ ಹೊಸದಾಗಿ ಸೇರಿಸಬೇಕು? ‘ವಲಸೆ ಒಕ್ಕಲು’ ಎನ್ನಿ.

ಕೊನೆಯ ಅಧ್ಯಾಯದಲ್ಲಿ ‘ಹರಿಕೇನ್ ಕೆನಾಲ್’ ಬರುತ್ತದೆ. 1904ರಲ್ಲಿ ಅದು ಹೊಳೆಯ ಕೆಳಗಣ ಬಯಲಿಗೆ ನೀರು ತಂದ ಮೇಲೆ ಗ್ರಾಫ್ಟನ್ನಿನ ಅನೇಕ ಮನೆಗಳವರು ಹೂಳಿನ ಕಾಟ ಬಿಟ್ಟು ಅಲ್ಲಿಗೆ ಹೋದರು. ಹರಿಕೇನ್ ಊರಿನ ಹೆಸರಾದ್ದರಿಂದ ‘ಹರಿಕೇನ್ ಕಾಲುವೆ’ ಎಂದಿರಲಿ. ‘ಚಂಡಮಾರುತ ನಾಲೆ’ ಬೇಡ.