ಪದ ಬೇಕು, ನಾಳೆ ಅಚ್ಚಿಗೆ: ಕ್ಲಾಟಿಂಗ್ ಮಾರ್ಕರ್, ಪ್ರೆಡಿಕ್ಟರ್

ವಾಸ್ಕೋದಿಂದ:
ನಮಸ್ಕಾರ. ಇಲ್ಲಿನ ಆಸ್ಪತ್ರೆಯೊಂದರ ಗೋಡೆಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಹೆಚ್ಚಾಗಿ ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ದುಡಿಯಲು ಬಂದವರು. ಸಾರ ಇಷ್ಟು: ಕೋವಿಡ್ ಉಲ್ಬಣಿಸಿದಾಗ ರಕ್ತದ ಕ್ಲಾಟಿಂಗ್ ಮಾರ್ಕರ್‌ಗಳು, ಮುಖ್ಯವಾಗಿ ಡಿ-ಡೈಮರ್, ರೋಗ ಎತ್ತ ತಿರುಗೀತು ಎಂಬುದಕ್ಕೆ ಪ್ರೆಡಿಕ್ಟರ್. ಮರಾಠಿ ಫಲಕದಲ್ಲಿ 'ಗುಠಳಿ', ಅಂದರೆ ಗಂಟು, ಅಂತಿದೆ. ನಾನು 'ರಕ್ತಸ್ಕಂದನ ಸೂಚಕ', 'ಮುನ್ಸೂಚಕ' ಎಂದು ಬರೆದಿಟ್ಟಿದ್ದೇನೆ, ನನಗೇ ಗಂಟಲಲ್ಲಿ ಇಳಿಯುತ್ತಿಲ್ಲ. ಬೆಳಿಗ್ಗೆ ಹತ್ತಕ್ಕೆ ಪ್ರೆಸ್ಸಿನವರು ಬರುತ್ತಾರೆ.

ಮಾಟುಂಗಾದಿಂದ:
ಸ್ಕಂದನ ಬೇಡವೇ ಬೇಡ. ಬಾಗಲಕೋಟೆಯವರಿಗೆ ಸ್ಕಂದ ಅಂದರೆ ಷಣ್ಮುಖ. 'ಮುನ್ಸೂಚಕ' ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು; 'ಪೂರ್ವಸೂಚಕ' ಎನ್ನಿ. ವ್ಯಾಕರಣಕಾರ ಕೇಶಿರಾಜ ಸುಮ್ಮನೆ ಸೂತ್ರ ಬರೆಯಲಿಲ್ಲ.

ಡೊಂಬಿವಲಿಯಿಂದ:
ಹವಾಮಾನ ಮುನ್ಸೂಚನೆ ದಿನಾ ಕೇಳುತ್ತೀರಲ್ಲ, ಆಗ ಕೇಶಿರಾಜ ಎಲ್ಲಿರುತ್ತಾನೆ? ಅವನೇ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಮೊದಲು 'ರಕ್ತ' ಬಿಡಿ. ನೆತ್ತರು ನಮ್ಮದು, ತೆಲುಗಿನ ನೆತ್ತುರು ಅದರ ಒಡಹುಟ್ಟು. 'ನೆತ್ತರಗಂಟು', 'ಮುನ್ನರುಹು'. ಮುಗಿಯಿತು.

ಪುಣೆಯಿಂದ:
ಮುಗಿದಿಲ್ಲ. ನಾನು ಪೆಥಾಲಜಿ ಲ್ಯಾಬಿನವನು. ಗಂಟು, ಗುಠಳಿ ಎರಡೂ ಡಿ-ಡೈಮರಿಗೆ ಸಲ್ಲವು. ಅದು ಗರಣೆಯಲ್ಲ (ಹೆಪ್ಪುಗಟ್ಟಿದ ರಕ್ತವಲ್ಲ), ಗರಣೆ ಕರಗಿದ ಮೇಲೆ ಉಳಿಯುವ ಚೂರು. ರಕ್ತ ಗರಣೆಗಟ್ಟುವಾಗ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆಮೇಲೆ ಪ್ಲಾಸ್ಮಿನ್ ಎಂಬ ಕಿಣ್ವ ಬಂದು ಕತ್ತರಿಸುತ್ತದೆ. ಬೆಸೆದುಕೊಂಡ ಎರಡು ಡಿ ತುಂಡುಗಳು ಮಾತ್ರ ಬಿಡಿಸಿಕೊಳ್ಳದೆ ಜೋಡಿಯಾಗಿಯೇ ತೇಲುತ್ತವೆ. ಅದು ಏರಿದೆ ಎಂದರೆ ಒಳಗೆಲ್ಲೋ ಕಟ್ಟುವುದೂ ಕರಗುವುದೂ ಎರಡೂ ನಡೆದಿದೆ.

ವುಹಾನಿನ ಎರಡು ಆಸ್ಪತ್ರೆಗಳ 191 ಕೋವಿಡ್ ರೋಗಿಗಳ ಅಧ್ಯಯನ 2020ರ ಮಾರ್ಚಿನಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ದಾಖಲಾಗುವಾಗಲೇ ಡಿ-ಡೈಮರ್ ಮಿಲಿಲೀಟರಿಗೆ 1 ಮೈಕ್ರೊಗ್ರಾಂ ದಾಟಿದ್ದವರು ಸಾಯುವ ಸಂಭವ ಹೆಚ್ಚಿತ್ತು. ಆದರೆ ಬಸುರಿಯರಿಗೆ, ವಯಸ್ಸಾದವರಿಗೆ, ಆಪರೇಷನ್ ಆದವರಿಗೆ ಕೋವಿಡ್ ಇಲ್ಲದೆಯೂ ಏರುತ್ತದೆ. ಹಾಗಾಗಿ ಮುನ್ನು, ಪೂರ್ವ, ಭವಿಷ್ಯ ಯಾವುದೂ ಬೇಡ. ಓದಿದವನು ರಿಪೋರ್ಟ್ ಹಿಡಿದುಕೊಂಡು ತನ್ನ ದಿನ ಎಣಿಸಿಯಾನು. ಫಲಕದಲ್ಲಿ ಅಂಕಿಯನ್ನೂ ಹಾಕಬೇಡಿ. ಎಫ್‌ಇಯು, ಡಿಡಿಯು ಎಂದು ಎರಡು ಬಗೆಯ ಅಳತೆ ಇವೆ, ಮೊದಲನೆಯದರಲ್ಲಿ ಬರುವ ಅಂಕಿ ಎರಡನೆಯದರ ಸುಮಾರು ಇಮ್ಮಡಿ. ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ, ಗಾಬರಿ ಪುಕ್ಕಟೆ.

ಡೊಂಬಿವಲಿಯಿಂದ:
ಲ್ಯಾಬ್, ರಿಪೋರ್ಟ್, ಆಪರೇಷನ್. ಒಂದೇ ಪತ್ರದಲ್ಲಿ! ಪುಣೆಯ ನೀರಿನ ಗುಣ.

ಪುಣೆಯಿಂದ:
ನಿಮ್ಮೂರಲ್ಲಿ ಹುಷಾರಿಲ್ಲದಿದ್ದರೆ ಎಲ್ಲಿಗೆ ಹೋಗುತ್ತಾರೆ? ದವಾಖಾನಿಗೆ. ದವಾ ಅರಬ್ಬಿ, ಖಾನಾ ಪಾರ್ಸಿ. ಗಡಿಯಲ್ಲಿ ಯಾರೂ ಸುಂಕ ಕೇಳಲಿಲ್ಲ.

ಮಾಟುಂಗಾದಿಂದ:
ಪಾರ್ಸಿಗೆ ಬಾಗಿಲು ತೆರೆದಿಟ್ಟು ಸಂಸ್ಕೃತಕ್ಕೆ ಚಿಲಕ ಹಾಕುವವರ ಜೊತೆ ವಾದವಿಲ್ಲ. 'ಗರಣೆ' ಒಪ್ಪಿದೆ. 'ಪೂರ್ವಸೂಚಕ' ಹಿಂತೆಗೆದುಕೊಳ್ಳುವುದಿಲ್ಲ.

ವಾಸ್ಕೋದಿಂದ:
ನನಗೆ ಹೊತ್ತಿಲ್ಲ, ಹೀಗೆ ಕಳಿಸುತ್ತಿದ್ದೇನೆ: 'ಕೋವಿಡ್ ಜೋರಾದಾಗ ಮೈಯೊಳಗೆ ರಕ್ತ ಗರಣೆಗಟ್ಟಬಹುದು. ಡಿ-ಡೈಮರ್ ಪರೀಕ್ಷೆ ಅದರ ಸುಳಿವು ಕೊಡುತ್ತದೆ. ಏರಿದ್ದರೆ ಡಾಕ್ಟರು ನಿಮ್ಮ ಮೇಲೆ ಹೆಚ್ಚು ನಿಗಾ ಇಡುತ್ತಾರೆ.' ಮಾರ್ಕರ್, ಪ್ರೆಡಿಕ್ಟರ್ ಎರಡಕ್ಕೂ 'ಸುಳಿವು' ಸಾಕು.

ಡೊಂಬಿವಲಿಯಿಂದ:
ನಿಗಾ ಪಾರ್ಸಿ. ಕಣ್ಗಾವಲು.