ಹತ್ತನೇ ಕ್ಲಾಸಿನ ಹೋಂವರ್ಕ್: ಲೆಕ್ಕ ಎಲ್ಲಿ ತಪ್ಪಿತು, ಮೇಷ್ಟ್ರುಗಳ ಉತ್ತರ

ಗುಂಪಿನ ಸೂಚನೆ: ಪಾಠದ ಹೆಸರು, ಪ್ರಶ್ನೆಯ ಪೂರ್ತಿ ವಾಕ್ಯ, ನೀವು ಮಾಡಿದಷ್ಟು ಹಂತ, ಇಷ್ಟೂ ಹಾಕಿ. ಬರೀ ಉತ್ತರ ಕೇಳಿದರೆ ಬರೀ ಉತ್ತರವೇ ಸಿಗುತ್ತೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಫೋಟೊ ತೆಗೆಯುವಾಗ ಪುಟದ ಮೇಲೆ ಫೋನಿನ ನೆರಳು ಬೀಳದಂತೆ ನೋಡಿಕೊಳ್ಳಿ. ಮೈನಸ್ ಚಿಹ್ನೆ ನೆರಳಲ್ಲಿ ಮಾಯವಾದರೆ ನಾವು ಬೇರೆಯೇ ಲೆಕ್ಕ ಬಿಡಿಸಿ ಕೂತಿರುತ್ತೇವೆ.

ಪ್ರಶ್ನೆ (ವಿದ್ಯಾರ್ಥಿ, ಕನ್ನಡ ಮಾಧ್ಯಮ): ಸರ್, ಸಮಾಂತರ ಶ್ರೇಢಿ ಪಾಠ. "200 ಮತ್ತು 500ರ ನಡುವೆ 8ರಿಂದ ಭಾಗವಾಗುವ ಎಲ್ಲಾ ಸಂಖ್ಯೆಗಳ ಮೊತ್ತ ಕಂಡುಹಿಡಿಯಿರಿ." ನಾನು ಮೊದಲ ಪದ 200, ಕೊನೆಯ ಪದ 496, ಒಟ್ಟು 38 ಪದ ಅಂತ ತಗೊಂಡೆ. 13,224 ಬಂತು. ಫ್ರೆಂಡ್ ಆಪ್‌ಗೆ ಹಾಕಿದ್ದಕ್ಕೆ 13,024 ತೋರಿಸ್ತಿದೆ. ಯಾವುದು ಸರಿ?

ಗಣಿತ ಶಿಕ್ಷಕರು: 13,024. ನಿನ್ನ ಸೂತ್ರವೂ ಸರಿ, ಗುಣಾಕಾರವೂ ಸರಿ. ವ್ಯತ್ಯಾಸ ಎಷ್ಟಿದೆ ನೋಡು, ಸರಿಯಾಗಿ 200. ಅಂದರೆ ಸೇರಿಸಬಾರದ 200 ಒಳಗೆ ಸೇರಿಕೊಂಡಿದೆ. "200 ಮತ್ತು 500ರ ನಡುವೆ" ಅಂದಾಗ ಎರಡೂ ತುದಿ ಬಿಡಬೇಕು. 200 ಕೂಡ 8ರಿಂದ ಭಾಗವಾಗುವುದರಿಂದಲೇ ಈ ಲೆಕ್ಕದಲ್ಲಿ ಕೊಕ್ಕೆ ಇರೋದು. "200ರಿಂದ 500ರವರೆಗೆ" ಅಂತ ಕೊಟ್ಟಿದ್ದರೆ ನಿನ್ನ ಉತ್ತರಕ್ಕೆ ಪೂರ್ತಿ ಅಂಕ.

ಹೀಗೆ ಬರಿ: ಮೊದಲ ಪದ 208, ಸಾಮಾನ್ಯ ವ್ಯತ್ಯಾಸ 8, ಕೊನೆಯ ಪದ 496. ಎರಡರ ಅಂತರ 288. 288 ÷ 8 = 36, ಅದಕ್ಕೆ 1 ಕೂಡಿಸಿ 37 ಪದ. ಮೊತ್ತ = 37/2 × (208 + 496) = 37 × 352 = 13,024. ಆ 1 ಕೂಡಿಸೋದನ್ನು ಮರೆತರೆ 12,672 ಬರುತ್ತೆ. ಈ ತಪ್ಪು ಉತ್ತರವೂ ಪ್ರತಿ ವರ್ಷ ಕಣ್ಣಿಗೆ ಬೀಳುತ್ತೆ.

ಅದೇ ವಿದ್ಯಾರ್ಥಿ: ಆಪ್ ಒಂದೇ ಸಾಲಲ್ಲಿ ಉತ್ತರ ಕೊಟ್ಟಿದೆ ಸರ್. ಹಾಗೇ ಬರೆದ್ರೆ?

ಗಣಿತ ಶಿಕ್ಷಕರು: ಅಂಕ ಹಂತಕ್ಕೆ. ಪದಗಳ ಸಂಖ್ಯೆ ಕಂಡುಹಿಡಿದದ್ದು ಕಾಣಬೇಕು, ಸೂತ್ರ ಕಾಣಬೇಕು, ಆದೇಶಿಸಿದ್ದು ಕಾಣಬೇಕು. ಇಷ್ಟಿದ್ದು ಕೊನೆಯ ಗುಣಾಕಾರ ತಪ್ಪಿದರೂ ಹೆಚ್ಚಿನ ಅಂಕ ನಿನ್ನ ಕೈಯಲ್ಲೇ ಇರುತ್ತೆ.

ಪ್ರಶ್ನೆ (ವಿದ್ಯಾರ್ಥಿನಿ): ಮೇಡಂ, ಬೆಳಕು ಪಾಠ. ಪೀನ ಮಸೂರದ ಸಂಗಮದೂರ 10 ಸೆಂ.ಮೀ., ವಸ್ತು 15 ಸೆಂ.ಮೀ. ದೂರದಲ್ಲಿದೆ. ಪ್ರತಿಬಿಂಬದ ದೂರ ಎಷ್ಟು? ಚಿಹ್ನೆ ಸರಿಯಾಗೇ ಹಾಕಿದೀನಿ, ವಸ್ತುದೂರ −15. ಆದ್ರೂ 6 ಸೆಂ.ಮೀ. ಬರ್ತಿದೆ. ಪುಸ್ತಕದ ಹಿಂದೆ 30 ಇದೆ. ಸೂತ್ರ ನೆಟ್‌ನಲ್ಲಿ ನೋಡಿ ಬರ್ಕೊಂಡೆ: 1/ಪ್ರತಿಬಿಂಬ ದೂರ + 1/ವಸ್ತುದೂರ = 1/ಸಂಗಮದೂರ.

ವಿಜ್ಞಾನ ಶಿಕ್ಷಕಿ: ಚಿಹ್ನೆ ಒಂದು ಕಡೆಯದು, ಸೂತ್ರ ಇನ್ನೊಂದು ಕಡೆಯದು. ಹಾಗಾಗಿ ಹೀಗಾಗಿದೆ. ನಮ್ಮ ಪುಸ್ತಕದಲ್ಲಿರೋದು ಕಾರ್ಟೀಸಿಯನ್ ಚಿಹ್ನಾ ಪದ್ಧತಿ: ಬೆಳಕು ಸಾಗುವ ದಿಕ್ಕಿನ ದೂರ ಧನ, ಎದುರು ದಿಕ್ಕಿನದು ಋಣ. ಈ ಪದ್ಧತಿಯಲ್ಲಿ ಮಸೂರದ ಸೂತ್ರಕ್ಕೆ ನಡುವೆ ಮೈನಸ್ ಬರುತ್ತೆ. ಬೇರೆ ಕೆಲವು ಕಡೆ, ಅದರಲ್ಲೂ ಹಳೆಯ ಬ್ರಿಟಿಷ್ ಪುಸ್ತಕಗಳಲ್ಲಿ, ಸತ್ಯವಾದದ್ದೆಲ್ಲ ಧನ ಎಂಬ ಪದ್ಧತಿ ಇದೆ. ಅಲ್ಲಿ ವಸ್ತುದೂರ +15, ಸೂತ್ರದಲ್ಲಿ ಪ್ಲಸ್. ನೀನು ಅಲ್ಲಿಯ ಪ್ಲಸ್ ತಂದು ಇಲ್ಲಿಯ −15 ಹಾಕಿದೀಯ. ಆಗ 1/10 + 1/15 = 1/6 ಆಗಿ 6 ಬಂತು.

ನಮ್ಮ ಪದ್ಧತಿಯಲ್ಲಿ: 1/ಪ್ರತಿಬಿಂಬ ದೂರ = 1/10 + 1/(−15) = 3/30 − 2/30 = 1/30. ದೂರ +30 ಸೆಂ.ಮೀ. ವರ್ಧನೆ 30/(−15) = −2. ಋಣ ಚಿಹ್ನೆ ಬಂದದ್ದರಿಂದ ತಲೆಕೆಳಗಾದ, ಸತ್ಯ ಪ್ರತಿಬಿಂಬ. ವಸ್ತುವಿನ ಎರಡರಷ್ಟು ದೊಡ್ಡದು.

ಒಂದು ಮಾತು, ಲೆಕ್ಕ ಶುರು ಮಾಡೋ ಮೊದಲೇ 6 ತಪ್ಪು ಅಂತ ಹೇಳಬಹುದಿತ್ತು. ವಸ್ತು 10 ಮತ್ತು 20ರ ನಡುವೆ, ಅಂದರೆ ಸಂಗಮಬಿಂದು ಮತ್ತು ಅದರ ಎರಡರಷ್ಟು ದೂರದ ನಡುವೆ ಇದೆ. ಹಾಗಿದ್ದಾಗ ಪ್ರತಿಬಿಂಬ 20ರ ಆಚೆಯೇ ಬೀಳಬೇಕು. ಪೀನ ಮಸೂರದ ಸತ್ಯ ಪ್ರತಿಬಿಂಬ ಸಂಗಮದೂರಕ್ಕಿಂತ ಹತ್ತಿರ ಬೀಳುವುದೇ ಇಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಎರಡು ಕಿರಣ ಎಳೆದು ನೋಡು, ಅರ್ಧ ನಿಮಿಷದ ಕೆಲಸ.

ಇನ್ನೊಬ್ಬ ವಿದ್ಯಾರ್ಥಿ: ಮೇಡಂ, ದರ್ಪಣಕ್ಕೆ ಪ್ಲಸ್ಸೋ ಮೈನಸ್ಸೋ?

ವಿಜ್ಞಾನ ಶಿಕ್ಷಕಿ: ದರ್ಪಣಕ್ಕೆ ಪ್ಲಸ್. ಆದರೆ ವರ್ಧನೆಯ ಸೂತ್ರದಲ್ಲಿ ದರ್ಪಣಕ್ಕೆ ಮುಂದೆ ಮೈನಸ್ ಇದೆ, ಮಸೂರಕ್ಕೆ ಇಲ್ಲ. ಎರಡು ಕಡೆಯೂ ತಿರುಗುಮುರುಗು, ಅದಕ್ಕೇ ಮಕ್ಕಳಿಗೆ ಗೊಂದಲ. ನಿಮ್ನ ದರ್ಪಣದ ಸಂಗಮದೂರ 15, ವಸ್ತು 10 ಸೆಂ.ಮೀ. ದೂರದಲ್ಲಿದ್ದರೆ: ಎರಡೂ ಋಣ. 1/ಪ್ರತಿಬಿಂಬ ದೂರ = −1/15 + 1/10 = 1/30. +30 ಬಂತು, ಅಂದರೆ ಕನ್ನಡಿಯ ಹಿಂದೆ, ಮಿಥ್ಯ ಪ್ರತಿಬಿಂಬ. ವರ್ಧನೆ −30/(−10) = +3, ನೇರ. ಗಮನಿಸು: ಮಸೂರದಲ್ಲಿ +30 ಬಂದಾಗ ಸತ್ಯ, ದರ್ಪಣದಲ್ಲಿ +30 ಬಂದಾಗ ಮಿಥ್ಯ. ಮಸೂರವನ್ನು ದಾಟಿ ಬೆಳಕು ಆಚೆ ಹೋಗುತ್ತೆ, ಕನ್ನಡಿಯ ಹಿಂದಕ್ಕೆ ಹೋಗಲ್ಲ.

ಪ್ರಶ್ನೆ (ತಾಯಿ): ನಮಸ್ಕಾರ ಸರ್. ಮಗ ಎಲ್ಲದಕ್ಕೂ ಪ್ರಶ್ನೆಯ ಫೋಟೊ ಹೊಡೆದು ಫೋನಲ್ಲಿ ಬಂದದ್ದನ್ನ ನೀಟಾಗಿ ಬರೀತಾನೆ. ಥೇಲ್ಸ್ ಪ್ರಮೇಯಾನೂ (ತ್ರಿಭುಜದ ಒಂದು ಬಾಹುಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನ ಸಮಾನುಪಾತದಲ್ಲಿ ಭಾಗಿಸುತ್ತೆ ಅನ್ನೋದು) ಹಾಗೇ ಬರೆದಿದ್ದ. ಸ್ಕೂಲಲ್ಲಿ ಪೂರ್ತಿ ಅಡ್ಡ ಗೀಟು ಹಾಕಿದ್ದಾರೆ. ಅವನು ಬರೆದದ್ದು: ಸಮಾಂತರ ರೇಖೆ ಇರೋದ್ರಿಂದ ಅನುರೂಪ ಕೋನಗಳು ಸಮ, ಹಾಗಾಗಿ ಎರಡು ತ್ರಿಭುಜ ಸಮರೂಪ, ಹಾಗಾಗಿ ಬಾಹುಗಳು ಸಮಾನುಪಾತದಲ್ಲಿ. ಇದರಲ್ಲಿ ತಪ್ಪೇನು? ಫೋನ್ ಕಿತ್ತಿಡ್ಬೇಕಾ?

ಗಣಿತ ಶಿಕ್ಷಕರು: ಅಮ್ಮಾ, ಗೀಟು ಹಾಕಿದ್ದು ನ್ಯಾಯವೇ. ಕೋನಗಳು ಸಮವಾದರೆ ತ್ರಿಭುಜ ಸಮರೂಪ ಎಂಬ ನಿಯಮವನ್ನು ನಮ್ಮ ಪುಸ್ತಕ ಸಾಧಿಸುವುದೇ ಥೇಲ್ಸ್ ಪ್ರಮೇಯವನ್ನು ಬಳಸಿ. ಅದೇ ನಿಯಮ ಹಿಡಿದು ಥೇಲ್ಸ್ ಸಾಧಿಸಿದರೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದಂತೆ. ಓದುವಾಗ ಎಲ್ಲ ಸರಿಯಾಗಿಯೇ ಕಾಣುತ್ತೆ, ತೊಂದರೆ ಅದೇ.

ಪುಸ್ತಕದ ದಾರಿ ವಿಸ್ತೀರ್ಣದ ಮೂಲಕ. ತ್ರಿಭುಜ ಎ-ಬಿ-ಸಿ, ಬಿಸಿಗೆ ಸಮಾಂತರವಾಗಿ ಡಿಇ, ಡಿ ಎಬಿ ಮೇಲೆ, ಇ ಎಸಿ ಮೇಲೆ. ರಚನೆ: ಬಿಇ, ಸಿಡಿ ಸೇರಿಸಬೇಕು. ಡಿಯಿಂದ ಎಸಿಗೆ, ಇಯಿಂದ ಎಬಿಗೆ ಲಂಬ ಎಳೆಯಬೇಕು. ತ್ರಿಭುಜ ಎಡಿಇ ಮತ್ತು ಬಿಡಿಇಗಳಿಗೆ ಇಯಿಂದ ಎಳೆದ ಎತ್ತರ ಒಂದೇ, ಆದ್ದರಿಂದ ವಿಸ್ತೀರ್ಣಗಳ ಅನುಪಾತ ಎಡಿ/ಡಿಬಿ. ಹಾಗೆಯೇ ಎಡಿಇ ಮತ್ತು ಸಿಡಿಇ ತಗೊಂಡರೆ ಎಇ/ಇಸಿ. ಇನ್ನು ಬಿಡಿಇ, ಸಿಡಿಇ ಎರಡೂ ಡಿಇ ಎಂಬ ಒಂದೇ ಪಾದದ ಮೇಲೆ, ಒಂದೇ ಜೋಡಿ ಸಮಾಂತರ ರೇಖೆಗಳ ನಡುವೆ ಇವೆ, ವಿಸ್ತೀರ್ಣ ಸಮ. ಆಯಿತು. ಈ ಕೊನೆಯ ಕಾರಣ ಬರೆಯದಿದ್ದರೆ ಪ್ರಮೇಯಕ್ಕೆ ಸೊಂಟವೇ ಇಲ್ಲ; ಡಿಇ, ಬಿಸಿಗೆ ಸಮಾಂತರ ಎಂಬ ದತ್ತಾಂಶ ಬಳಕೆಯಾಗುವುದು ಅಲ್ಲೊಂದೇ ಕಡೆ.

ಫೋನ್ ಕಿತ್ತಿಡುವುದು ಬೇಡ. ಕ್ರಮ ಬದಲಾಯಿಸಲಿ: ಮೊದಲು ತಾನೇ ಬರೆಯಲಿ, ನಿಂತಲ್ಲಿಗೆ ಗೆರೆ ಎಳೆಯಲಿ, ಆಮೇಲೆ ಫೋನ್ ನೋಡಿ ಮುಂದಿನ ಒಂದೇ ಹಂತ ತಗೊಳ್ಳಲಿ, ಫೋನ್ ಮಗುಚಿಟ್ಟು ಮುಂದುವರಿಸಲಿ. ಲೆಕ್ಕವಾದರೆ ಸಂಖ್ಯೆ ಬದಲಿಸಿ ಇನ್ನೊಮ್ಮೆ ಮಾಡಿಸಿ. 8ರ ಬದಲು 7 ಕೊಟ್ಟ ತಕ್ಷಣ ಅರ್ಥವಾಗಿದೆಯೋ ಇಲ್ಲವೋ ನಿಮಗೇ ಗೊತ್ತಾಗುತ್ತೆ.

ವಿಜ್ಞಾನ ಶಿಕ್ಷಕಿ: ಜೊತೆಗೆ, ರಾಜ್ಯದ ಗಣಿತ, ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಆಧಾರದ್ದೇ. ಆದರೆ ನೆಟ್‌ನಲ್ಲಿ ಹುಡುಕುವಾಗ ಅಧ್ಯಾಯದ ನಂಬರ್ ನಂಬಬೇಡಿ, ಪಾಠದ ಹೆಸರು ಹೊಂದಿಸಿ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿದ್ದೇ ತೆರೆಯುತ್ತೆ. ಮೊದಲು ಅಲ್ಲಿ ನೋಡಿ.

ಪ್ರಶ್ನೆ (ವಿದ್ಯಾರ್ಥಿನಿ): ಕನ್ನಡ ಮೇಷ್ಟ್ರಿಗೆ. ಪ್ರಸ್ತಾರ ಹಾಕಿ (ಲಘುಗೆ ∪, ಒಂದು ಮಾತ್ರೆ; ಗುರುಗೆ —, ಎರಡು ಮಾತ್ರೆ) ಗಣ, ಅಂದ್ರೆ ಮಾತ್ರೆಗಳ ಗುಂಪು, ವಿಂಗಡಿಸೋಕೆ ಅಭ್ಯಾಸಕ್ಕೆ ಕೊಟ್ಟ ಸಾಲುಗಳು:

ಚಿಕ್ಕೆ ಕರಗಿತು ಬಾನ ಮೂಡಣ
ದಿಕ್ಕಿನಂಚಲಿ ಬೆಳಕು ಮೂಡಿತು
ಹಕ್ಕಿ ಹಾಡಿತು ತೋಟದೊಳಗಡೆ ಹೂವು ನಗುತಿರಲು

ಭಾಮಿನಿ ಷಟ್ಪದಿ ಅಂತ ಗೊತ್ತು. ಮೊದಲ ಸಾಲು 14 ಮಾತ್ರೆ ಸರಿಯಾಗಿ ಬಂತು, ‘ಚಿಕ್ಕೆ’ಗೆ ∪ — ಹಾಕಿದೆ. ಎರಡನೇ ಸಾಲಲ್ಲಿ ‘ದಿಕ್ಕಿನಂಚಲಿ’ ಒಂದೇ ಪದ, ಎಲ್ಲಿ ಕಡೀಬೇಕು ಗೊತ್ತಾಗ್ಲಿಲ್ಲ. ಮೂರನೇದು 22 ಬರ್ತಿದೆ, 23 ಬರಬೇಕಲ್ವಾ ಸರ್?

ಕನ್ನಡ ಶಿಕ್ಷಕರು: ಮೂರು ಸಾಲಲ್ಲೂ ಒಂದೊಂದು ಗಂಟು ಇದೆ ಕಣಮ್ಮ. ನೀನು ಸರಿ ಅಂದುಕೊಂಡ ಮೊದಲನೇ ಸಾಲಿನದೇ ಅಪಾಯದ್ದು.

‘ಚಿಕ್ಕೆ’ಯಲ್ಲಿ ಒತ್ತಿರುವ ‘ಕ್ಕೆ’ಗೆ ಗುರು ಹಾಕಿದೀಯ. ಒತ್ತಕ್ಷರ ಗುರುವಾಗಲ್ಲ, ಅದರ ಹಿಂದಿನ ಅಕ್ಷರ ಗುರುವಾಗುತ್ತೆ. ‘ಚಿ’ ಗುರು, ‘ಕ್ಕೆ’ ಹ್ರಸ್ವವಾದ್ದರಿಂದ ಲಘು: — ∪. ನಿನ್ನದು ∪ —. ಎರಡನ್ನು ಕೂಡಿದರೂ ಮೂರೇ ಮಾತ್ರೆ, ಆದ್ದರಿಂದ 14 ಬಂದುಬಿಟ್ಟಿದೆ, ತಪ್ಪು ಒಳಗೇ ಉಳಿದಿದೆ. ಮೊತ್ತ ಸರಿ ಬಂತು ಅಂತ ಪ್ರಸ್ತಾರ ಸರಿ ಅಂದುಕೊಳ್ಳಬೇಡ. ಅರ್ಕಾವತ್ತಿನಲ್ಲೂ ಇದೇ: ‘ಕರ್ಮ’ದಲ್ಲಿ ಗುರು ‘ಕ’.

ಎರಡನೆಯದು: ಗಣ ಪದವನ್ನು ನೋಡಿ ನಿಲ್ಲಲ್ಲ, ಮಾತ್ರೆ ತುಂಬಿದಲ್ಲಿ ನಿಲ್ಲುತ್ತೆ. ಭಾಮಿನಿಯಲ್ಲಿ 1, 2, 4, 5ನೇ ಸಾಲಿಗೆ 3+4+3+4.

ದಿಕ್ಕಿ (— ∪) | ನಂಚಲಿ (— ∪ ∪) | ಬೆಳಕು (∪ ∪ ∪) | ಮೂಡಿತು (— ∪ ∪)

ಪದದ ನಡುವೆ ಗೆರೆ ಹಾಕಲು ಹೆದರಬೇಡ. ‘ನಂ’ ಅನುಸ್ವಾರ ಇರುವುದರಿಂದ ಗುರು. ಸೊನ್ನೆಗೆ ಬೇರೆ ಚಿಹ್ನೆ ಇಲ್ಲ.

ಮೂರನೆಯದು: 3 ಮತ್ತು 6ನೇ ಸಾಲಿಗೆ 3+4+3+4+3+4, ಮೇಲೊಂದು ಗುರು. ಕಡೆಯಲ್ಲಿ ‘ನಗುತಿರ | ಲು’ ಎಂದು ಕಡಿ. ‘ಲು’ ಬರವಣಿಗೆಯಲ್ಲಿ ಲಘುವೇ, ಆದರೆ ಆ ಸಾಲಿನ ಕೊನೆಯಲ್ಲಿ ನಿಂತದ್ದರಿಂದ ಗುರು ಎಂದೇ ಎಣಿಕೆ. ಅಲ್ಲಿ ನೀನು ∪ ಹಾಕಿದ್ದಕ್ಕೆ ಒಂದು ಮಾತ್ರೆ ಕಡಿಮೆ ಬಿತ್ತು.

ನೋಟ್ಸಿನಲ್ಲಿ ಹಾಳೆಯ ಮೇಲ್ಗಡೆ ಅಕ್ಷರಗಳನ್ನು ಬಿಡಿಬಿಡಿಯಾಗಿ, ಅಗಲ ಬಿಟ್ಟು ಬರಿ. ಚಿಹ್ನೆ ನೇರ ಅಕ್ಷರದ ತಲೆಯ ಮೇಲೇ ಬೀಳಲಿ. ಇಕ್ಕಟ್ಟಾಗಿ ಬರೆದವರ ಚಿಹ್ನೆ ಅರ್ಧ ಸಾಲಿಗೆ ಬರುವಷ್ಟರಲ್ಲಿ ಒಂದು ಅಕ್ಷರ ಮುಂದೆ ಹೋಗಿರುತ್ತೆ. ಚಿಕ್ಕೆ, ದಿಕ್ಕಿ, ಹಕ್ಕಿ, ಎರಡನೇ ಅಕ್ಷರದ ಪ್ರಾಸವನ್ನೂ ಕಾಪಾಡಿದ್ದಾರೆ; ಸಾಲು ಕೊಟ್ಟವರಿಗೆ ಕೈ ಪಳಗಿದೆ.

ಇನ್ನೊಬ್ಬಳು: ಕಂದವೋ ಭಾಮಿನಿಯೋ ವೃತ್ತವೋ ಅಂತ ಮೊದಲೇ ಹೇಗೆ ಗೊತ್ತು ಮಾಡೋದು ಸರ್?

ಕನ್ನಡ ಶಿಕ್ಷಕರು: ಕಂದಕ್ಕೆ ನಾಲ್ಕೇ ಸಾಲು, ಎಲ್ಲ ಗಣವೂ ನಾಲ್ಕು ಮಾತ್ರೆಯದು, 12, 20, 12, 20. ಭಾಮಿನಿಗೆ 14, 14, 23. ವಾರ್ಧಕಕ್ಕೆ ಐದೈದು ಮಾತ್ರೆಯಂತೆ 20, 20, 32. ವೃತ್ತದಲ್ಲಿ ಮಾತ್ರೆ ಬಿಡು, ಅಕ್ಷರ ಎಣಿಸು: ಉತ್ಪಲಮಾಲೆಗೆ 20, ಚಂಪಕಮಾಲೆಗೆ 21. ಮತ್ತೇಭಕ್ಕೂ 20 ಇದೆ, ಆದ್ದರಿಂದ 20 ಬಂದ ಕೂಡಲೇ ಉತ್ಪಲ ಅನ್ನಬೇಡ. ಶುರು ನೋಡು: ಉತ್ಪಲ ಗುರುವಿನಿಂದ ಹೊರಡುತ್ತೆ (— ∪ ∪), ಮತ್ತೇಭ ಲಘುವಿನಿಂದ (∪ ∪ —). ಉತ್ಪಲದ ಮೊದಲ ಗುರುವನ್ನು ಒಡೆದು ಎರಡು ಲಘು ಮಾಡಿದರೆ ಚಂಪಕ, ಉಳಿದದ್ದೆಲ್ಲ ಒಂದೇ.

ಪ್ರಶ್ನೆ (ವಿದ್ಯಾರ್ಥಿ): 6 ಓಮ್, 3 ಓಮ್ ಸಮಾಂತರವಾಗಿ ಜೋಡಿಸಿದ್ರೆ 1/2 ಓಮ್ ಬಂತು. ಸರಿನಾ ಮೇಡಂ?

ವಿಜ್ಞಾನ ಶಿಕ್ಷಕಿ: 1/6 + 1/3 = 1/2. ಅದು ರೋಧದ ವ್ಯುತ್ಕ್ರಮ. ತಿರುಗಿಸು, 2 ಓಮ್.

ಪ್ರಶ್ನೆ (ವಿದ್ಯಾರ್ಥಿ): ಸಮಾಜಕ್ಕೆ. ಮಂಗಳೂರು ಒಪ್ಪಂದ ಒಂದು ಕಡೆ 1784, ಇನ್ನೊಂದು ವಿಡಿಯೋದಲ್ಲಿ 1792 ಅಂತಿದೆ.

ಸಮಾಜ ವಿಜ್ಞಾನ ಶಿಕ್ಷಕರು: 1784. ಆ ವಿಡಿಯೋದಲ್ಲಿ ಎರಡನೇ, ಮೂರನೇ ಯುದ್ಧ ಕಲಸಿಹೋಗಿದೆ. ಒಪ್ಪಂದವನ್ನು ಬಿಡಿಯಾಗಿ ನೆನಪಿಡಬೇಡ, ಯುದ್ಧದ ಬಾಲಕ್ಕೆ ಕಟ್ಟು: ಮೊದಲನೇ ಆಂಗ್ಲೋ-ಮೈಸೂರು ಯುದ್ಧ 1767–69, ಮದ್ರಾಸ್ ಒಪ್ಪಂದ. ಎರಡನೆಯದು 1780–84, ಮಂಗಳೂರು ಒಪ್ಪಂದ. ನಡುವೆ 1782ರಲ್ಲಿ ಹೈದರ್ ತೀರಿಕೊಂಡ, ಹಾಗಾಗಿ ಮಂಗಳೂರಿನದು ಟಿಪ್ಪುವಿನ ಕಾಲದ್ದು. ಮೂರನೆಯದು 1790–92, ಶ್ರೀರಂಗಪಟ್ಟಣ ಒಪ್ಪಂದ. ನಾಲ್ಕನೆಯದು 1799, ಟಿಪ್ಪು ಸತ್ತದ್ದು ಆ ಮೇ ತಿಂಗಳಲ್ಲಿ.

ಅದೇ ವಿದ್ಯಾರ್ಥಿ: ಶ್ರೀರಂಗಪಟ್ಟಣ ಒಪ್ಪಂದದ ಷರತ್ತು ಬರೆಯಿರಿ ಅಂತ ಬಂದ್ರೆ ಕಾರ್ನ್‌ವಾಲಿಸ್ ಬಗ್ಗೆ ಎಷ್ಟು ಬರೀಬೇಕು ಸರ್?

ಸಮಾಜ ವಿಜ್ಞಾನ ಶಿಕ್ಷಕರು: ಆಗಿನ ಬ್ರಿಟಿಷ್ ಗವರ್ನರ್ ಜನರಲ್ ಅಂತ ಅವನ ಹೆಸರು ಒಂದು ಸಾಲಿನಲ್ಲಿ ಬಂದರೆ ಸಾಕು. ಕೇಳಿದ್ದು ಷರತ್ತು: ಟಿಪ್ಪು ತನ್ನ ಅರ್ಧ ರಾಜ್ಯ ಬಿಟ್ಟುಕೊಟ್ಟದ್ದು, ಯುದ್ಧನಷ್ಟ ಪರಿಹಾರ, ಅದು ಸಂದಾಯವಾಗುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟದ್ದು. ಪರಿಹಾರದ ಮೊತ್ತ ನಿನ್ನ ಪಠ್ಯಪುಸ್ತಕದಲ್ಲಿ ಹೇಗಿದೆಯೋ ಹಾಗೇ ಬರಿ, ವಿಡಿಯೋದಿಂದ ತಗೋಬೇಡ. ಒಂದೊಂದು ಷರತ್ತು ಒಂದೊಂದು ಸಾಲಿನಿಂದ ಶುರುವಾಗಲಿ.